ತೋಡಿನ ಬದಿಯ ಬಿದಿರು ಯಾವುದು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

ಸಮಿತಿಯವರು ಫೋನು ಮಾಡಿ, "ನೀವು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ, ಕೃತಕ ಬುದ್ಧಿಮತ್ತೆ ಬಗ್ಗೆ ಒಂದು ಇಪ್ಪತ್ತು ನಿಮಿಷ ಮಾತಾಡಬೇಕು" ಎಂದು ಕೇಳಿಕೊಂಡರು. ಅದನ್ನೂ ಸ್ವಲ್ಪ ಹೇಳುತ್ತೇನೆ. ಆದರೆ ಇವತ್ತು ನಾನು ಮುಖ್ಯವಾಗಿ ಮಾತಾಡುವುದು ಬಿದಿರಿನ ಬಗ್ಗೆ. ಕಂಪ್ಯೂಟರಿನ ವಿಷಯ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ. ನಮ್ಮ ತೋಡಿನ ಬದಿಯ ಬಿದಿರಿನ ವಿಷಯ ಅಲ್ಲಿ ಸಿಗುವುದಿಲ್ಲ, ನಾನು ಹುಡುಕಿ ನೋಡಿಯಾಗಿದೆ.

ನಮ್ಮ ಮನೆಯ ಕೆಳಗಿನ ತೋಡು ನಿಮ್ಮಲ್ಲಿ ಹಲವರಿಗೆ ಗೊತ್ತುಂಟು. ಮಳೆಗಾಲದಲ್ಲಿ ಗುಂಡ್ಯ ಹೊಳೆಗೆ ಹೋಗಿ ಸೇರುವ ಹತ್ತಾರು ತೋಡುಗಳಲ್ಲಿ ಅದೂ ಒಂದು. ಅದರ ದಂಡೆಯ ಮೇಲೆ ಉದ್ದಕ್ಕೆ ಹದಿನಾಲ್ಕು ಮೆಳೆ ಬಿದಿರು ಇದೆ. ನಾನು ಹುಟ್ಟುವಾಗಲೇ ಅದು ಹಾಗೆಯೇ ಇತ್ತು. ಅದಕ್ಕೆ ನಮ್ಮ ಮನೆಯಲ್ಲಿ ಇದ್ದ ಹೆಸರು "ದೊಡ್ಡ ಬಿದಿರು". ನೆರೆಮನೆಯವರು "ನಿಮ್ಮ ಅಜ್ಜನ ಬಿದಿರು" ಅನ್ನುತ್ತಿದ್ದರು. ಎರಡೂ ಹೆಸರುಗಳಿಂದ ಕೆಲಸ ನಡೆಯುತ್ತಿತ್ತು. ಅಡಿಕೆ ಕೊಯ್ಯುವ ದೋಟಿಗೆ ಬೇರೆ ಬಿದಿರು ಬೇಕು, ಇದು ಭಾರ. ಆದರೆ ಒಳ್ಳೆಮೆಣಸು ಕೊಯ್ಯುವ ಒಂಟಿಗಳದ ಏಣಿಗೆ, ನಾವು ತುಳುವಿನಲ್ಲಿ ಕೇರ್ಪು ಅನ್ನುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಮದುವೆಯ ಚಪ್ಪರಕ್ಕೆ, ತೋಡಿಗೆ ಅಡ್ಡ ಹಾಕುವ ಕಾಲುಸಂಕಕ್ಕೆ, ಬೇಸಗೆಯ ಕಟ್ಟಕ್ಕೆ ಊಟಿಯಾಗಿ ಊರಿನವರು ಕೇಳಿ ಕಡಿದುಕೊಂಡು ಹೋಗುತ್ತಿದ್ದರು. ದುಡ್ಡು ತೆಗೆದುಕೊಳ್ಳುವ ಕ್ರಮ ಇರಲಿಲ್ಲ.

ಮೂರು ವರ್ಷದ ಹಿಂದೆ ಮನೆಯಲ್ಲಿ ಪಾಲು ಆಯಿತು. ಪಾಲು ಆದ ಮೇಲೆ ಎಲ್ಲ ಮನೆಯಲ್ಲಿಯೂ ಆಗುವ ಹಾಗೆ, ಅಷ್ಟು ದಿನ ಯಾರಿಗೂ ತೊಂದರೆ ಕೊಡದ ವಸ್ತುಗಳು ಒಂದೊಂದಾಗಿ ತೊಂದರೆ ಕೊಡಲು ಶುರು ಮಾಡಿದವು. ಚಿಕ್ಕಪ್ಪನ ಪಾಲಿಗೆ ಬಂದ ಅಡಿಕೆ ತೋಟಕ್ಕೆ ಬಿದಿರಿನ ನೆರಳು ಬೀಳುತ್ತದೆ. ಅದು ನಿಜ. ಬಿದಿರಿನ ಕಡೆಗಿರುವ ಎರಡು ಸಾಲು ಅಡಿಕೆ ಮರಗಳು ಸಪೂರವಾಗಿ, ಫಸಲು ಕಡಿಮೆ ಇರುವುದನ್ನು ಯಾರು ಬೇಕಾದರೂ ನೋಡಬಹುದು. ಅದರ ಮೇಲೆ ಇನ್ನೊಂದು ಮಾತು ಸೇರಿಕೊಂಡಿತು. "ಅದಕ್ಕೆ ಪ್ರಾಯ ಆಯಿತು. ಇನ್ನು ಹೂ ಬಿಡುತ್ತದೆ. ಬಿದಿರು ಹೂ ಬಿಟ್ಟರೆ ಇಲಿ ಬರುತ್ತದೆ, ಬರ ಬರುತ್ತದೆ, ಮನೆಗೆ ಒಳ್ಳೆಯದಲ್ಲ. ಹೇಗೂ ಸಾಯುವ ಬಿದಿರು. ಜೇಸಿಬಿ ತರಿಸಿ ಬುಡಸಮೇತ ಕೀಳಿಸಿಬಿಡುವುದು ಒಳ್ಳೆಯದು." ಅಪ್ಪನಿಗೆ ಇಷ್ಟ ಇರಲಿಲ್ಲ. 2018ರ ಆಗಸ್ಟಿನ ಮಳೆಯಲ್ಲಿ ಮೇಲಿನ ಮನೆಯವರ ದಂಡೆ ಜರಿದು ಅಡಿಕೆ ಮರಗಳು ನಿಂತ ಹಾಗೆಯೇ ತೋಡಿಗೆ ಹೋದದ್ದನ್ನು, ನಮ್ಮ ದಂಡೆ ನಿಂತದ್ದನ್ನು ಅವರು ನೋಡಿದ್ದರು. ಆದರೆ "ಹೂ ಬಿಟ್ಟು ಸಾಯುತ್ತದೆ" ಎಂಬ ಮಾತಿಗೆ ಅವರ ಹತ್ತಿರ ಉತ್ತರ ಇರಲಿಲ್ಲ. ಜೇಸಿಬಿಯವರಿಗೆ ಮುಂಗಡ ಕೊಡುವ ಮಾತು ಬಂದಾಗ ನನಗೆ ಫೋನು ಮಾಡಿದರು.

ನಾನು ಕೇಳಿದ ಪ್ರಶ್ನೆ ಒಂದೇ. ಅದು ಯಾವ ಬಿದಿರು? ಯಾಕೆಂದರೆ ಹೂ ಬಿಡುವುದು, ಸಾಯುವುದು ಎಲ್ಲ ಬಿದಿರಿಗೂ ಒಂದೇ ಲೆಕ್ಕದಲ್ಲಿ ಇಲ್ಲ. ಜಾತಿ ಗೊತ್ತಿಲ್ಲದೆ ಅದರ ಆಯುಸ್ಸು ಹೇಳುವುದು ಹೇಗೆ? "ಯಾವುದೆಂದರೆ ಎಂತ, ಬಿದಿರು" ಅಂದರು ಅಪ್ಪ.

ನಮ್ಮ ಸುತ್ತಮುತ್ತ ಇರುವ ಬಿದಿರುಗಳು ಯಾವುವು ಎಂದು ಮೊದಲು ನೋಡೋಣ. ಗುಡ್ಡೆಯಲ್ಲಿ, ರಕ್ಷಿತಾರಣ್ಯದಲ್ಲಿ ಇರುವ ದೊಡ್ಡದು ಹೆಬ್ಬಿದಿರು, ಅಂದರೆ ಮುಳ್ಳುಬಿದಿರು. ಬ್ಯಾಂಬುಸಾ ಬ್ಯಾಂಬೋಸ್ ಎಂದು ಶಾಸ್ತ್ರದ ಹೆಸರು. ಅದರ ಮೆಳೆಯ ಒಳಗೆ ನಾಯಿ ಸಹ ನುಗ್ಗುವುದಿಲ್ಲ, ಬುಡದ ಕೊಂಬೆಗಳಲ್ಲಿ ಬಾಗಿದ ಮುಳ್ಳು. ನಮ್ಮದರಲ್ಲಿ ಒಂದೂ ಮುಳ್ಳಿಲ್ಲ, ಸಣ್ಣವರಿದ್ದಾಗ ನಾವು ಅದರ ಮಧ್ಯೆ ಅಡಗಿ ಕುಳಿತು ಆಡಿದವರು. ಹಾಗಾಗಿ ಅದು ಅಲ್ಲ. ಹೊಳೆ ಬದಿಯಲ್ಲಿ ಓಟೆ ಇದೆ. ಅದು ಸಪೂರ, ತೆಳ್ಳಗೆ, ಗಂಟಿನಿಂದ ಗಂಟಿಗೆ ಉದ್ದ. ಪಶ್ಚಿಮಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಹೊರಗೆ ಹೆಚ್ಚು ಕಾಣಸಿಗದ ಕುಲ. ಅದೂ ಅಲ್ಲ. ಲಾಠಿಗೆ ಬಳಸುವ ಕಿರುಬಿದಿರು ಘಟ್ಟದ ಮೇಲಿನ ಒಣ ಕಾಡಿನದ್ದು, ಒಳಗೆ ಹೆಚ್ಚುಕಡಿಮೆ ಗಟ್ಟಿಯೇ ಇರುತ್ತದೆ. ಅದೂ ಅಲ್ಲ. ಅಂಗಳದ ಬದಿಯಲ್ಲಿ ಚಂದಕ್ಕೆ ನೆಡುವ ಹಳದಿ ಬಿದಿರಂತೂ ಅಲ್ಲವೇ ಅಲ್ಲ. ಊರಿನ ಪಟ್ಟಿ ಅಲ್ಲಿಗೆ ಮುಗಿಯಿತು, ನಮ್ಮ ಬಿದಿರು ಪಟ್ಟಿಯ ಹೊರಗೆ ಉಳಿಯಿತು. ಅಂದರೆ ಅದು ಎಲ್ಲಿಂದಲೋ ಬಂದದ್ದು.

ಈಗ ಸಮಿತಿಯವರು ಕೇಳಿದ ಕೃತಕ ಬುದ್ಧಿಮತ್ತೆಯ ವಿಷಯ. ಫೋಟೋ ತೆಗೆದರೆ ಗಿಡದ ಹೆಸರು ಹೇಳುವ ಆ್ಯಪ್‌ಗಳು ಈಗ ಹಲವು ಇವೆ. ತಂಗಿ ಮನೆಯಿಂದಲೇ ಫೋಟೋ ತೆಗೆದು ಹಾಕಿದಳು. ಎಲೆಯ ಫೋಟೋಕ್ಕೆ ಒಂದು ಹೆಸರು ಬಂತು. ಇಡೀ ಮೆಳೆಯ ಫೋಟೋಕ್ಕೆ ಇನ್ನೊಂದು. ಕಾಂಡವನ್ನು ಹತ್ತಿರದಿಂದ ತೆಗೆದದ್ದಕ್ಕೆ ಕಬ್ಬು ಎಂದು ಬಂತು. (ಅದು ಪೂರ್ತಿ ದೂರದ ಉತ್ತರವೂ ಅಲ್ಲ. ಬಿದಿರು, ಕಬ್ಬು, ಭತ್ತ ಮೂರೂ ಹುಲ್ಲಿನ ಕುಟುಂಬವೇ. ಒಂಬತ್ತನೆಯ ತರಗತಿಯಲ್ಲಿ ನಮ್ಮ ವಿಜ್ಞಾನದ ಮಾಸ್ಟ್ರು "ಬಿದಿರು ಮರ ಅಲ್ಲ, ಹುಲ್ಲು" ಅಂದಾಗ ಇಡೀ ಕ್ಲಾಸು ನಕ್ಕದ್ದು ನೆನಪಿದೆ. ಸರಕಾರವೂ ಬಹಳ ಕಾಲ ನಮ್ಮ ಕ್ಲಾಸಿನ ಪಕ್ಷವೇ ಆಗಿತ್ತು. 1927ರ ಭಾರತೀಯ ಅರಣ್ಯ ಕಾಯಿದೆಯಲ್ಲಿ ಮರ ಎಂಬ ಶಬ್ದದ ಅರ್ಥದೊಳಗೆ ಬಿದಿರೂ ಸೇರಿತ್ತು. ಅದನ್ನು ತೆಗೆದದ್ದು 2017ರಲ್ಲಿ.)

ಆ ಯಂತ್ರ ಯಾಕೆ ಹಾಗೆ ಹೇಳಿತು ಎಂಬುದು ನನ್ನ ಕಸುಬಿನ ವಿಷಯ, ಆದ್ದರಿಂದ ಮಕ್ಕಳಿಗೆ ಹೇಳುತ್ತೇನೆ. ಯಂತ್ರಕ್ಕೆ ಕಣ್ಣಿಲ್ಲ. ಅದಕ್ಕೆ ಸಾವಿರಗಟ್ಟಲೆ ಚಿತ್ರಗಳನ್ನು ಹೆಸರಿನ ಸಮೇತ ಕೊಟ್ಟಿರುತ್ತಾರೆ. ಹೊಸ ಚಿತ್ರ ಯಾವ ಹಳೆಯ ಚಿತ್ರಗಳ ಹಾಗೆ ಕಾಣುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ, ಅಷ್ಟೇ. ಮಾವಿನ ಎಲೆಗೂ ಹಲಸಿನ ಎಲೆಗೂ ಇರುವ ಹಾಗೆ ಒಂದು ಬಿದಿರಿನ ಎಲೆಗೂ ಇನ್ನೊಂದು ಬಿದಿರಿನ ಎಲೆಗೂ ಎದ್ದು ಕಾಣುವ ವ್ಯತ್ಯಾಸ ಇರುವುದಿಲ್ಲ. ಜನ ಫೋಟೋ ತೆಗೆಯುವುದು ಮಾತ್ರ ಎಲೆಯದ್ದು, ಇಲ್ಲವಾದರೆ ದೂರದಿಂದ ಇಡೀ ಮೆಳೆಯದ್ದು. ಆ ಫೋಟೋಗಳಿಗೆ ಹೆಸರು ಹಾಕಿದವರಲ್ಲಿ ಎಷ್ಟು ಮಂದಿಗೆ ಬಿದಿರು ಗೊತ್ತಿತ್ತು? ಗೊತ್ತಿಲ್ಲದವರು ಹಾಕಿದ ಹೆಸರನ್ನು ಕಲಿತ ಯಂತ್ರ ಗೊತ್ತಿಲ್ಲದವರ ಹಾಗೆಯೇ ಉತ್ತರ ಹೇಳುತ್ತದೆ, ಆದರೆ ತುಂಬ ಧೈರ್ಯದಿಂದ ಹೇಳುತ್ತದೆ. ಕೃತಕ ಬುದ್ಧಿಮತ್ತೆಯ ಬಗ್ಗೆ ನಾನು ಹೇಳಬೇಕೆಂದಿದ್ದದ್ದು ಇಷ್ಟೇ.

ಹಾಗಾದರೆ ತಿಳಿದವರು ಹೇಗೆ ಗುರುತಿಸುತ್ತಾರೆ? ಗಿಡಮರಗಳ ಶಾಸ್ತ್ರ ನಿಂತಿರುವುದು ಹೆಚ್ಚಾಗಿ ಹೂವಿನ ಮೇಲೆ. ಬಿದಿರಿನಲ್ಲಿ ಕಷ್ಟ ಇರುವುದೇ ಅಲ್ಲಿ. ಹಲವು ಜಾತಿಗಳು ಹೂ ಬಿಡುವುದು ಹತ್ತಾರು ವರ್ಷಕ್ಕೊಮ್ಮೆ. ಹೆಬ್ಬಿದಿರಾದರೆ ನಲವತ್ತು ವರ್ಷದ ಆಸುಪಾಸು. ಒಬ್ಬ ಶಾಸ್ತ್ರಜ್ಞ ತನ್ನ ಇಡೀ ಸರ್ವಿಸಿನಲ್ಲಿ ಒಂದು ಜಾತಿಯ ಹೂವನ್ನು ಒಮ್ಮೆಯೂ ನೋಡದೆ ನಿವೃತ್ತನಾಗಬಹುದು. ವಿಲಿಯಂ ಮನ್ರೋ ಎಂಬ ಸೇನಾಧಿಕಾರಿ 1868ರಲ್ಲಿ ಲೋಕದ ಬಿದಿರುಗಳ ಮೇಲೆ ದೊಡ್ಡ ಪ್ರಬಂಧ ಬರೆದ. ಜೆ. ಎಸ್. ಗ್ಯಾಂಬಲ್ ಎಂಬ ಅರಣ್ಯಾಧಿಕಾರಿ 1896ರಲ್ಲಿ ಬ್ರಿಟಿಷ್ ಭಾರತದ ಬಿದಿರುಗಳ ಬಗ್ಗೆ ಚಿತ್ರಗಳ ಸಮೇತ ಗ್ರಂಥ ತಂದ. ಹೂವಿಗೆ ಕಾಯುತ್ತ ಕುಳಿತರೆ ಆಗುವುದಿಲ್ಲ, ಹೂವಿಲ್ಲದಾಗಲೂ ಗುರುತು ಹಿಡಿಯುವ ಒಂದು ಭಾಗ ಬಿದಿರಿನಲ್ಲಿ ಉಂಟು. ಅದು ನಾವು ಯಾರೂ ಲಕ್ಷ್ಯ ಕೊಡದ ಭಾಗ.

ಕಣಿಲೆ ನೋಡಿದ್ದೀರಿ. ಆಟಿ ತಿಂಗಳಿನಲ್ಲಿ ನೆಲದಿಂದ ಮೊಳಕೆ ಏಳುವಾಗ ಅದರ ಸುತ್ತ ದಪ್ಪದ ಹಾಳೆಗಳು ಸುತ್ತಿಕೊಂಡಿರುತ್ತವೆ. ಪ್ರತಿ ಗಂಟಿಗೆ ಒಂದು ಹಾಳೆ. ನಮ್ಮ ಅಡಿಕೆ ಹಾಳೆಯ ಹಾಗೆಯೇ ಅದೂ ಕಾಂಡವನ್ನು ಅಪ್ಪಿಕೊಂಡು ಕಾಪಾಡಿ, ಕಾಂಡ ಗಟ್ಟಿಯಾದ ಮೇಲೆ ಒಣಗಿ ಬೀಳುತ್ತದೆ. ಆ ಹಾಳೆಯಲ್ಲಿ ಜಾತಿಯ ಗುರುತು ಇದೆ. ನೋಡಬೇಕಾದ್ದು ನಾಲ್ಕು ಜಾಗ. ಹಾಳೆಯ ಬೆನ್ನಿನ ಮೇಲಿನ ರೋಮ ಯಾವ ಬಣ್ಣದ್ದು, ಎಷ್ಟು ದಟ್ಟ ಎಂದು. ಹಾಳೆಯ ತುದಿಯಲ್ಲಿ ಸಣ್ಣ ಎಲೆಯಂಥ ಅಲಗು ಇರುತ್ತದೆ, ಅದು ನೆಟ್ಟಗೆ ನಿಂತಿದೆಯೋ ಹಿಂದಕ್ಕೆ ಮಡಚಿಕೊಂಡಿದೆಯೋ ಎಂದು. ಅಲಗಿನ ಬುಡದ ಎರಡು ಬದಿಗೆ ಕಿವಿಯ ಹಾಗೆ ಇರುವ ಮಡಿಕೆ. ಒಳಗಡೆ, ಹಾಳೆ ಮತ್ತು ಅಲಗು ಸೇರುವಲ್ಲಿ ಒಂದು ತೆಳು ಅಂಚು, ಅದಕ್ಕೆ ನಾಲಿಗೆ ಅನ್ನುತ್ತಾರೆ. ಆ ನಾಲಿಗೆಯ ಅಂಚು ನಯವಾಗಿದೆಯೋ, ಗರಗಸದ ಹಾಗಿದೆಯೋ, ಹರಿದ ಬಟ್ಟೆಯ ಹಾಗೆ ಸೀಳುಸೀಳಾಗಿದೆಯೋ ನೋಡಬೇಕು. ಬುಡದ ಹಾಳೆಯೂ ತುದಿಯ ಹಾಳೆಯೂ ಬೇರೆ ಬೇರೆ ಆಕಾರ ಇರುವ ಕಾರಣ ನೆಲದಿಂದ ಸುಮಾರು ಐದನೆಯ ಗಂಟಿನ ಹಾಳೆಯನ್ನು ತೆಗೆದಿಡುವುದು ಕ್ರಮ.

ಇದಕ್ಕೆ ಕಾಲ ಉಂಟು. ಫೋನು ಬಂದದ್ದು ಮಾರ್ಚ್‌ನಲ್ಲಿ. ಆಗ ತೋಡಿನ ಬದಿಯಲ್ಲಿ ಇದ್ದದ್ದು ಕೊಳೆತ, ಗೆದ್ದಲು ತಿಂದ ಹಾಳೆಯ ಚೂರುಗಳು ಮಾತ್ರ. "ಮಳೆಗಾಲದವರೆಗೆ ಜೇಸಿಬಿ ಬೇಡ" ಎಂದು ಚಿಕ್ಕಪ್ಪನಲ್ಲಿ ಕೇಳಿಕೊಂಡೆ. ಅವರು ಒಪ್ಪಿದ್ದು ಬಿದಿರಿನ ಮೇಲಿನ ಪ್ರೀತಿಯಿಂದ ಅಲ್ಲ, ಮಳೆಗಾಲದಲ್ಲಿ ಜೇಸಿಬಿ ತೋಟಕ್ಕೆ ಇಳಿಯುವುದಿಲ್ಲ ಎಂಬ ಕಾರಣಕ್ಕೆ. ಒಟ್ಟಿನಲ್ಲಿ ನಾಲ್ಕೈದು ತಿಂಗಳು ಸಿಕ್ಕಿತು.

ಆ ಸಮಯದಲ್ಲಿ ಊರಿನವರ ಹತ್ತಿರ ಕೇಳಿದೆ. ನನಗೆ ಪುಸ್ತಕದಲ್ಲಿ ಸಿಗದ ಎಷ್ಟೋ ವಿಷಯ ಸಿಕ್ಕಿದ್ದು ಅಲ್ಲಿಯೇ. ನಮ್ಮ ಬಿದಿರನ್ನು ನಲವತ್ತು ವರ್ಷದಿಂದ ಕಡಿಯುತ್ತಿರುವ ಒಬ್ಬರಿದ್ದಾರೆ, ಇವತ್ತು ಸಭೆಯಲ್ಲಿಯೂ ಇದ್ದಾರೆ. ಹೆಸರು ಹೇಳಿದರೆ ಎದ್ದು ಹೋಗುತ್ತಾರೆ, ಹಾಗಾಗಿ ಹೇಳುವುದಿಲ್ಲ. ಅವರು ಹೇಳಿದರು, "ಇದರ ಬುಡದ ನಾಲ್ಕೈದು ಗಂಟಿನಲ್ಲಿ ಸುತ್ತಲೂ ಬೇರಿನ ಉಂಗುರ ಉಂಟು. ಕತ್ತಿ ಹಾಕುವಾಗ ಮೊದಲು ಅದನ್ನು ಹೆರೆಯಬೇಕು. ಎಳತರಲ್ಲಿ ಮೈಮೇಲೆ ಬೂದಿ ಬಳಿದ ಹಾಗೆ ಇರುತ್ತದೆ, ಕೈಗೆ ಮೆತ್ತಗೆ ಆಗುತ್ತದೆ." ಕುಡುಪು, ಕುರುವೆ ಹೆಣೆಯುವ ಅಜ್ಜಿಯೊಬ್ಬರಲ್ಲಿ ಒಂದು ತುಂಡು ಕೊಟ್ಟು ಕೇಳಿದರೆ, ಸೀಳಿ ನೋಡಿ ಹಿಂದೆ ಕೊಟ್ಟುಬಿಟ್ಟರು. "ಇದು ಬುಟ್ಟಿಗಲ್ಲ ಮಗ, ದಪ್ಪ ಜಾಸ್ತಿ. ಇದು ಏಣಿಗೆ." ದೊಡ್ಡಮ್ಮ ಹೇಳಿದ್ದು, ಇದರ ಕಣಿಲೆಗೆ ಗುಡ್ಡೆಯ ಕಣಿಲೆಯಷ್ಟು ಕಹಿ ಇಲ್ಲ ಎಂದು. ಹಾಗೆಂದು ಅವರು ಮೂರು ದಿನ ನೀರಿನಲ್ಲಿ ಹಾಕಿ, ದಿನಾ ನೀರು ಬದಲಿಸುವುದನ್ನು ಬಿಟ್ಟವರಲ್ಲ. ಅದು ಸರಿಯಾದ ಕ್ರಮವೇ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಒಂದು ವಸ್ತು ಇರುತ್ತದೆ, ಕೊಚ್ಚಿ ನೆನೆಸಿ ಬೇಯಿಸಿದಾಗ ಹೋಗುತ್ತದೆ. ನಮ್ಮ ಅಜ್ಜಿಯಂದಿರಿಗೆ ಆ ವಸ್ತುವಿನ ಹೆಸರು ಗೊತ್ತಿರಲಿಲ್ಲ, ಮೂರು ದಿನ ಎಂಬುದು ಗೊತ್ತಿತ್ತು.

ಇವರು ಮೂವರೂ ಹೇಳಿದ್ದನ್ನು ಒಟ್ಟಿಗೆ ಇಟ್ಟು ನೋಡಿ. ಮುಳ್ಳಿಲ್ಲ, ಬುಡದ ಗಂಟಿನಲ್ಲಿ ಬೇರು, ಎಳೆಯ ಕಾಂಡದಲ್ಲಿ ಬೂದಿ ಬಣ್ಣದ ರೋಮ, ದಪ್ಪ ಗೋಡೆ, ಕಹಿ ಕಡಿಮೆ ಇರುವ ಕಣಿಲೆ. ದೊಡ್ಡ ಬಿದಿರುಗಳ ಒಂದು ಕುಲ ಉಂಟು, ಡೆಂಡ್ರೊಕ್ಯಾಲಮಸ್ ಎಂದು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಮರದಂಥ ಜೊಂಡು ಎಂದು ಅರ್ಥ. ಅದರಲ್ಲಿ ನಮ್ಮ ಬಿದಿರಿಗೆ ಹೊಂದುವ ದೊಡ್ಡವು ಮೂರು ಉಳಿದವು. ಜೈಗಾಂಟಿಯಸ್, ಹೆಸರೇ ಹೇಳುವ ಹಾಗೆ ರಾಕ್ಷಸ ಬಿದಿರು. ಅದು ಇನ್ನೂ ದಪ್ಪ, ಇಪ್ಪತ್ತು ಇಪ್ಪತ್ತೈದು ಸೆಂಟಿಮೀಟರ್ ಅಡ್ಡಳತೆಗೆ ಹೋಗುವಂಥದ್ದು. ಎಳತರಲ್ಲಿ ಮೈಮೇಲೆ ಇರುವುದು ಮೇಣದ ಬಿಳಿ ಪುಡಿ, ಉಜ್ಜಿದರೆ ಬೆರಳಿಗೆ ಬರುತ್ತದೆ. ಎರಡನೆಯದು ಆಸ್ಪರ್, ಅದರ ಎಳೆ ಕಾಂಡದ ಮೇಲೆ ಹೊಂಬಣ್ಣ ಬೆರೆತ ಕಂದು ಮಕಮಲ್ಲಿನಂಥ ರೋಮ. ಮೂರನೆಯದು ಬ್ರಾಂಡಿಸೈ.

ಜೂನ್ ಕೊನೆಯಲ್ಲಿ ರಜೆ ಹಾಕಿ ಬಂದೆ. ಮಳೆ ಬಿಟ್ಟಿರಲಿಲ್ಲ. ಕಣಿಲೆ ಎದ್ದಿತ್ತು. ಒಂದು ಮಾತು ಮಕ್ಕಳಿಗೆ ಹೇಳಬೇಕು, ಬಿದಿರು ನೆಲದಿಂದ ಏಳುವಾಗಲೇ ಅದರ ಪೂರ್ತಿ ದಪ್ಪದಲ್ಲಿ ಏಳುತ್ತದೆ. ಆ ಮೇಲೆ ಅದು ದಪ್ಪ ಆಗುವುದೇ ಇಲ್ಲ. ಎರಡು ಮೂರು ತಿಂಗಳಲ್ಲಿ ಪೂರ್ತಿ ಎತ್ತರಕ್ಕೆ ಹೋಗುತ್ತದೆ, ಗಟ್ಟಿಯಾಗಲು ಮಾತ್ರ ಮೂರು ನಾಲ್ಕು ವರ್ಷ. ಕೊಡೆ ಹಿಡಿದುಕೊಂಡು ಸ್ಕೇಲು, ಟೇಪು ತೆಗೆದುಕೊಂಡು ಹೋಗಿ ಅಳೆದೆವು. ಬೆಳೆದ ಗಳದ ಬುಡದ ಸುತ್ತಳತೆ 44 ಸೆಂಟಿಮೀಟರ್, ಅಂದರೆ ಅಡ್ಡಳತೆ 14. ಗಂಟಿನಿಂದ ಗಂಟಿಗೆ 33. ಹಿಂದಿನ ಬೇಸಗೆಯಲ್ಲಿ ಕಡಿದು ಮಲಗಿಸಿದ್ದ ಒಂದರ ಉದ್ದ 21 ಮೀಟರ್. ಹಾಳೆಯ ಬೆನ್ನಿನಲ್ಲಿ ಬಿಳಿಚಿದ ರೋಮ, ಅಲಗು ಹಿಂದಕ್ಕೆ ಮಡಚಿದ್ದು. ಹಾಳೆಯನ್ನು ಬಿಡಿಸಿ ಒಳಗಿನ ನಾಲಿಗೆ ನೋಡಿದರೆ ಇಲಿ ಕಚ್ಚಿದ ಕಾಗದದ ಹಾಗೆ ಸೀಳುಸೀಳು. ಪೀಚಿಯ ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯಿಂದ 1998ರಲ್ಲಿ ಬಂದ, ಸೀತಾಲಕ್ಷ್ಮಿ ಮತ್ತು ಮುಕ್ತೇಶ್ ಕುಮಾರ್ ಅವರ ಭಾರತದ ಬಿದಿರುಗಳ ಸಂಗ್ರಹಗ್ರಂಥವನ್ನು ಅಷ್ಟರಲ್ಲಿ ನಾನು ಹುಡುಕಿ ಇಟ್ಟುಕೊಂಡಿದ್ದೆ. ಬ್ರಾಂಡಿಸೈ ಎಂಬ ಪುಟದ ಜತೆ ನಮ್ಮ ಅಳತೆಗಳು ಹೊಂದಿದವು.

ಆದರೆ ಒಂದು ತೊಡಕು ಇತ್ತು. ಡೆಂಡ್ರೊಕ್ಯಾಲಮಸ್ ಬ್ರಾಂಡಿಸೈ ಬರ್ಮಾ, ಥಾಯ್ಲೆಂಡ್ ಕಡೆಯ ಬಿದಿರು. ಬರ್ಮಾದ ಕಾಡುಗಳಲ್ಲಿ ಕೆಲಸ ಮಾಡಿ, 1864ರಲ್ಲಿ ಇಡೀ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ ಡೀಟ್ರಿಶ್ ಬ್ರಾಂಡಿಸ್ ಎಂಬ ಜರ್ಮನ್ ಶಾಸ್ತ್ರಜ್ಞನ ಹೆಸರನ್ನು ಮನ್ರೋ ಅದಕ್ಕೆ ಇಟ್ಟದ್ದು. ಬರ್ಮಾದ ಬಿದಿರು ಇಚಿಲಂಪಾಡಿಯ ತೋಡಿಗೆ ಹೇಗೆ ಬಂತು?

ಉತ್ತರ ಇದ್ದದ್ದು ನೆಲ್ಯಾಡಿಯಲ್ಲಿ, ಅಪ್ಪನ ದೊಡ್ಡ ಅಕ್ಕನ ಹತ್ತಿರ. ಅತ್ತೆಗೆ ಆಗ ಎಪ್ಪತ್ತೊಂದು ವರ್ಷ. ನಾನು ಹೋಗಿ ಬರ್ಮಾ, ಬ್ರಾಂಡಿಸ್ ಎಂದೆಲ್ಲ ಹೇಳಿದ ಮೇಲೆ ಅವರು ಕೇಳಿದರು, "ಅದು ಅಪ್ಪ ಘಟ್ಟದಿಂದ ತಂದದ್ದಲ್ವಾ? ನನಗೆ ಎಂಟು ವರ್ಷ ಆವಾಗ." ನಮ್ಮ ಕಡೆಯಿಂದ ಕಾಫಿ ತೋಟದ ಕೆಲಸಕ್ಕೆ ಘಟ್ಟ ಹತ್ತಿದವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅಜ್ಜನೂ ಕೆಲವು ವರ್ಷ ಕೊಡಗಿನ ಒಂದು ತೋಟದಲ್ಲಿ ಇದ್ದರಂತೆ. ಹಿಂದೆ ಬರುವಾಗ ಗೋಣಿಯಲ್ಲಿ ಸುತ್ತಿದ ಎರಡು ಬಿದಿರಿನ ಗಡ್ಡೆಗಳನ್ನು ಸಂಪಾಜೆ ದಾರಿಯಾಗಿ ಬಸ್ಸಿನ ಟಾಪಿನ ಮೇಲೆ ಹಾಕಿ ತಂದರಂತೆ. "ದುಡ್ಡು ತರುವುದು ಬಿಟ್ಟು ಬಿದಿರು ತಂದಿದ್ದಾರೆ ಎಂದು ಅಮ್ಮ ಎರಡು ದಿನ ಮಾತಾಡಲಿಲ್ಲ" ಅಂದರು ಅತ್ತೆ. ಅತ್ತೆ ಇನ್ನೊಂದು ವಿಷಯವನ್ನೂ ಹೇಳಿದರು. ಗುಡ್ಡೆಯ ಮುಳ್ಳುಬಿದಿರು ಒಮ್ಮೆ ಹೂ ಬಿಟ್ಟು ಒಣಗಿದ್ದು ಅವರಿಗೆ ನೆನಪಿದೆ, ಬಿದಿರಕ್ಕಿ ಗುಡಿಸಿ ತಂದು ಗಂಜಿ ಮಾಡಿದ್ದೂ ನೆನಪಿದೆ. ಆಗ ತೋಡಿನ ಬದಿಯದ್ದಕ್ಕೆ ಏನೂ ಆಗಿರಲಿಲ್ಲ.

ಅಲ್ಲಿಗೆ ಅದು ಎಲ್ಲಿಂದ ಬಂತೆಂದು ಗೊತ್ತಾಯಿತು. ಕೊಡಗಿನಲ್ಲಿ ಈ ಬ್ರಾಂಡಿಸೈ ಬಹಳ ಕಾಲದಿಂದ ಇದೆ, ಕಾಫಿ ತೋಟಗಳ ಗಡಿಯಲ್ಲಿ, ಗದ್ದೆಯ ಬದಿಯಲ್ಲಿ ನೆಡುತ್ತಾರೆ. ಬರ್ಮಾ ಬಿದಿರು ಎಂದೇ ಅದಕ್ಕೆ ಹೆಸರು. ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನ ಸಹಪಾಠಿಯೊಬ್ಬಳು ಮಡಿಕೇರಿಯ ಹತ್ತಿರ ಬ್ಯಾಂಕಿನಲ್ಲಿದ್ದಾಳೆ. ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಬಿಟ್ಟು ಬೇರೆ ಏನಾದರೂ ಬಂದದ್ದು ಆವಾಗಲೇ. ಅವಳು ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ತೋಟದವರ ಅನುಮತಿ ಕೇಳಿ, ಐದನೆಯ ಗಂಟಿನ ಹಾಳೆ ತೆಗೆದು, ಸ್ಕೇಲು ಇಟ್ಟು ಒಳಹೊರಗಿನ ಫೋಟೋ ಕಳುಹಿಸಿದಳು. ಆ ಮೇಲೆ ಹಾಳೆಯನ್ನೇ ಕೊರಿಯರ್ ಮಾಡಿದಳು. ಕೊರಿಯರಿನವರು ಒಳಗೆ ಏನು ಎಂದು ಕೇಳಿದ್ದಕ್ಕೆ "ಹಾಳೆ" ಅಂದಳಂತೆ, ಅವರು ಪುಸ್ತಕ ಎಂದು ಬರೆದುಕೊಂಡರಂತೆ. ಎರಡು ಹಾಳೆಗಳನ್ನು ಮನೆಯ ಜಗಲಿಯಲ್ಲಿ ಪಕ್ಕಪಕ್ಕ ಇಟ್ಟಾಗ ಯಾವುದು ಕೊಡಗಿನದ್ದು, ಯಾವುದು ನಮ್ಮದು ಎಂದು ಚಿಕ್ಕಪ್ಪನಿಗೆ ಹೇಳಲಾಗಲಿಲ್ಲ.

ಬಿದಿರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ನಿವೃತ್ತ ಅರಣ್ಯಾಧಿಕಾರಿಯೊಬ್ಬರಿಗೆ ಎಲ್ಲವನ್ನೂ ತೋರಿಸಿದೆ. ಅವರು ಭೂತಕನ್ನಡಿ ಇಟ್ಟು ನೋಡಿ, "ಬ್ರಾಂಡಿಸೈ. ಹೂ ಬಂದ ದಿನ ಇನ್ನೊಮ್ಮೆ ನೋಡಿ ಪಕ್ಕಾ ಮಾಡಿಕೊಳ್ಳಿ" ಅಂದರು.

ಈಗ ಚಿಕ್ಕಪ್ಪನ ಪ್ರಶ್ನೆಗೆ ಬರೋಣ. ಅದು ಹೂ ಬಿಟ್ಟು ಸಾಯುತ್ತದೆಯೋ ಇಲ್ಲವೋ? ಗುಡ್ಡೆಯ ಮುಳ್ಳುಬಿದಿರಿನ ಲೆಕ್ಕ ಇದಕ್ಕೆ ಅನ್ವಯಿಸುವುದಿಲ್ಲ, ಅದು ಬೇರೆ ಜಾತಿ, ಇದು ಬೇರೆ. 2010ರ ಆಸುಪಾಸಿನ ವರ್ಷಗಳಲ್ಲಿ ನಾಗರಹೊಳೆ, ವಯನಾಡು ಕಡೆ ಹೆಬ್ಬಿದಿರು ಸಾಮೂಹಿಕವಾಗಿ ಹೂ ಬಿಟ್ಟು ಒಣಗಿದ್ದನ್ನು ಪತ್ರಿಕೆಯಲ್ಲಿ ನೋಡಿ ನಮ್ಮವರಿಗೆ ಆ ಹೆದರಿಕೆ ಬಂದದ್ದು. ಇಲಿ, ಬರ ಎನ್ನುವುದೂ ಬರೇ ಮೂಢನಂಬಿಕೆ ಅಲ್ಲ. ಮಿಜೋರಾಂನಲ್ಲಿ 48 ವರ್ಷಕ್ಕೊಮ್ಮೆ ಒಂದು ಜಾತಿಯ ಬಿದಿರು ಇಡೀ ರಾಜ್ಯದಲ್ಲಿ ಹೂ ಬಿಡುತ್ತದೆ, ಕಾಯಿ ತಿಂದ ಇಲಿಗಳು ಹೆಚ್ಚಾಗಿ ಆ ಮೇಲೆ ಭತ್ತಕ್ಕೆ ನುಗ್ಗುತ್ತವೆ. 1959ರಲ್ಲಿ ಅಲ್ಲಿ ಅದರಿಂದ ನಿಜವಾದ ಕ್ಷಾಮವೇ ಬಂದಿತ್ತು. ಆದರೆ ಅದು ಬೆಟ್ಟಗಟ್ಟಲೆ ಬಿದಿರು ಒಮ್ಮೆಲೇ ಕಾಯಿ ಬಿಟ್ಟಾಗ ಆಗುವ ಕಥೆ. ಹದಿನಾಲ್ಕು ಮೆಳೆಯಿಂದ ಊರಿಗೆ ಬರ ಬರುವುದಿಲ್ಲ.

ಹಾಗೆಂದು ನಮ್ಮ ಬಿದಿರು ಚಿರಂಜೀವಿಯೂ ಅಲ್ಲ. ಅದೂ ಒಂದು ದಿನ ಹೂ ಬಿಡುತ್ತದೆ. ನಮ್ಮ ಹದಿನಾಲ್ಕು ಮೆಳೆಯೂ ಅಜ್ಜ ತಂದ ಎರಡು ಗಡ್ಡೆಯಿಂದ ಆದದ್ದು, ಬೀಜದಿಂದ ಹುಟ್ಟಿದ್ದಲ್ಲ. ಗಡ್ಡೆಯಿಂದ ಮಾಡಿದ ಬಿದಿರಿಗೆ ಹೊಸ ಆಯುಸ್ಸು ಸಿಗುವುದಿಲ್ಲ, ತಾಯಿಮೆಳೆಯ ಪ್ರಾಯವೇ ಅದರ ಪ್ರಾಯ. ನೂರು ಮೈಲು ದೂರ ತೆಗೆದುಕೊಂಡು ಹೋಗಿ ನೆಟ್ಟರೂ ತಾಯಿ ಹೂ ಬಿಡುವ ಸುಮಾರಿಗೆ ಅದೂ ಹೂ ಬಿಡುತ್ತದೆ. ಅಂದರೆ ನಮಗೆ ಮುನ್ಸೂಚನೆ ಬರುವುದು ಗುಡ್ಡೆಯಿಂದ ಅಲ್ಲ, ಕೊಡಗಿನಿಂದ. ಅಜ್ಜ ಕೆಲಸ ಮಾಡಿದ ತೋಟ ಯಾವುದೆಂದು ಅತ್ತೆಗೆ ಹೆಸರು ನೆನಪಿತ್ತು. ಸಹಪಾಠಿ ಈಗ ವರ್ಷಕ್ಕೊಮ್ಮೆ ಅಲ್ಲಿನ ಬಿದಿರು ನೋಡಿ ವರದಿ ಕಳುಹಿಸುತ್ತಾಳೆ. ಈ ವರ್ಷದ ವರದಿ ಒಂದೇ ಸಾಲು, "ಹೂ ಇಲ್ಲ, ಕಾಫಿಗೆ ಕರೆದರು, ಕುಡಿದು ಬಂದೆ."

ಜೇಸಿಬಿ ಬರಲಿಲ್ಲ. ಆದರೆ ಚಿಕ್ಕಪ್ಪನ ಅಡಿಕೆಯ ವಿಷಯದಲ್ಲಿ ಅವರದ್ದೂ ನ್ಯಾಯ ಇತ್ತು. ದಂಡೆಯ ಒಂಬತ್ತು ಮೆಳೆ ಉಳಿಸಿ, ತೋಟದ ಕಡೆಗೆ ಬಂದಿದ್ದ ಐದನ್ನು ತೆಗೆದೆವು. ತೋಟಕ್ಕೂ ಬಿದಿರಿಗೂ ಮಧ್ಯೆ ಆಳವಾದ ಒಂದು ಕಣಿ ತೋಡಿಸಿದ್ದೇವೆ, ಬೇರು ಈಚೆ ಬಾರದ ಹಾಗೆ. ಉಳಿದದ್ದನ್ನು ಲೆಕ್ಕ ಇಟ್ಟು ಕಡಿಯುತ್ತೇವೆ. ಒಂದು ವರ್ಷದ ಗಳಕ್ಕೆ ಹಾಳೆ ಅಂಟಿಕೊಂಡಿರುತ್ತದೆ, ಮೈಮೇಲೆ ಬೂದಿ ಇರುತ್ತದೆ. ಎರಡನೆಯ ವರ್ಷಕ್ಕೆ ನಯವಾಗುತ್ತದೆ. ಆ ಮೇಲೆ ಕಲೆ, ಪಾಚಿ ಬರುತ್ತದೆ. ಕಲೆ ಬಂದದ್ದನ್ನು ಮಾತ್ರ, ನೆಲದಿಂದ ಮೇಲೆ ಒಂದನೆಯ ಅಥವಾ ಎರಡನೆಯ ಗಂಟಿನ ಮೇಲಕ್ಕೆ, ಚಳಿಗಾಲದಲ್ಲಿ ಕಡಿಯುವುದು. ಮೆಳೆಯ ಒಂದು ಬದಿಯಿಂದ ಕುದುರೆ ಲಾಳದ ಆಕಾರದಲ್ಲಿ ಒಳಗೆ ದಾರಿ ಮಾಡಿಕೊಂಡರೆ ಮಧ್ಯದ ಹಳೆಯ ಗಳ ತೆಗೆಯಲು ಸುಲಭ. ಕಡಿದದ್ದನ್ನು ಕೆಲವು ವಾರ ತೋಡಿನ ನೀರಿನಲ್ಲಿ ಮುಳುಗಿಸಿಟ್ಟರೆ ಒಳಗಿನ ಪಿಷ್ಟ ಹೋಗಿ ಕುಟ್ಟೆ ಹಿಡಿಯುವುದು ಕಡಿಮೆ. ಈ ಕೊನೆಯದ್ದು ನನ್ನ ಸಂಶೋಧನೆ ಅಲ್ಲ, ಎದ್ದು ಹೋಗಬಹುದು ಎಂದೆನಲ್ಲ, ಅವರದ್ದು. ಚಿಕ್ಕಪ್ಪ ಕಳೆದ ಬೇಸಗೆಯಲ್ಲಿ ಮೂವತ್ತು ಗಳ ಮಾರಿದರು. ನೆರಳಿನ ದೂರು ಇನ್ನೂ ಇದೆ, ಸ್ವಲ್ಪ ಸಣ್ಣ ಸ್ವರದಲ್ಲಿ.

ಹೆಡ್ ಮಾಸ್ಟ್ರು ಮೊನ್ನೆ, ಶಾಲೆಯ ಮೈದಾನದ ಹಿಂದೆ ಮಣ್ಣು ಜರಿಯುವ ಜಾಗಕ್ಕೆ ಇದರ ಗಿಡ ಸಿಗಬಹುದೋ ಎಂದು ಕೇಳಿದರು. ಖಂಡಿತ ಕೊಡುತ್ತೇವೆ, ಊರಿನವರಿಗೂ ಕೊಡುತ್ತೇವೆ. ಆದರೆ ಈಗಲೇ ಹೇಳಿರುತ್ತೇನೆ, ಇದಕ್ಕೂ ಅದೇ ಪ್ರಾಯ, ಕೊಡಗಿನ ತಾಯಿ ಹೂ ಬಿಟ್ಟಾಗ ಇದೂ ಬಿಡಬಹುದು. ಹಾಗಾಗಿ ಪೂರ್ತಿ ಇದನ್ನೇ ನೆಡಬೇಡಿ, ಮಧ್ಯೆ ಬೀಜದಿಂದ ಮಾಡಿದ ಬೇರೆ ಗಿಡಗಳನ್ನೂ ಸೇರಿಸಿ. ನೆಟ್ಟ ದಿನ, ಎಲ್ಲಿಂದ ತಂದದ್ದು ಎಂಬುದನ್ನು ಶಾಲೆಯ ರಿಜಿಸ್ಟರಿನಲ್ಲಿ ಬರೆದಿಡಿ. ನಮ್ಮ ಅತ್ತೆಯ ಹಾಗೆ ನೆನಪಿಟ್ಟುಕೊಳ್ಳುವವರು ಎಲ್ಲ ಮನೆಯಲ್ಲಿಯೂ ಇರುವುದಿಲ್ಲ.

ಗಡ್ಡೆ ತೆಗೆಯುವುದು ಮೇ ತಿಂಗಳಿನ ಕೊನೆಗೆ, ಒಂದೆರಡು ಒಳ್ಳೆಯ ಮಳೆ ಬಿದ್ದ ಮೇಲೆ. ಒಂದು ಅಥವಾ ಎರಡು ವರ್ಷದ ಗಳವನ್ನು ಸೊಂಟದ ಎತ್ತರಕ್ಕೆ, ಮೂರು ನಾಲ್ಕು ಗಂಟು ಉಳಿಯುವ ಹಾಗೆ ಕಡಿದು, ಗಡ್ಡೆಗೆ ಪೆಟ್ಟಾಗದಂತೆ ಅಗೆಯಬೇಕು. ಬೇಕಾದವರು ಒಂದು ದಿನ ಮೊದಲು ಅಪ್ಪನಿಗೆ ಹೇಳಿ. ಬರುವಾಗ ಹಾರೆ ನಿಮ್ಮದೇ ತನ್ನಿ, ನಮ್ಮ ಮನೆಯಲ್ಲಿದ್ದ ಎರಡರಲ್ಲಿ ಒಂದು ಪಾಲಿನಲ್ಲಿ ಚಿಕ್ಕಪ್ಪನಿಗೆ ಹೋಗಿದೆ.